ರೂಬಿಯಲ್ಲಿ ಕ್ಲಾಸ್ ಮೆಥಡ್‌ಗಳ ಗೋಚರತೆ: ‘ಪ್ರೈವೇಟ್’ ಎಂದು ಬರೆದ ಮೇಲೂ ಮೆಥಡ್ ಹೊರಗಿನಿಂದ ಕರೆಯಲು ಸಿಗುವುದೇಕೆ?

ಪಣಂಬೂರು ಓದುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಂಗಳೂರು ಮತ್ತು ಉಡುಪಿ ನಡುವೆ ಓಡುವ ಬಸ್ಸುಗಳಿಗೆ ಟಿಕೆಟ್ ನೀಡುವ ಒಂದು ಸಣ್ಣ ತಂತ್ರಾಂಶವನ್ನು ನಾವು ಕೆಲವರು ಸೇರಿ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದೇವೆ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಉಡುಪಿ ಎಂಬ ಹಂತಗಳ ನಡುವಿನ ದರವನ್ನು ಒಂದು ಕ್ಲಾಸ್ ಮೆಥಡ್, ಅಂದರೆ ಕ್ಲಾಸಿನ ಹೆಸರಿನ ಮೇಲೆಯೇ ಕರೆಯುವ ಮೆಥಡ್, ಲೆಕ್ಕ ಹಾಕುತ್ತದೆ. ಆ ಲೆಕ್ಕ ಒಳಗಿನ ವಿಚಾರ. ತಂತ್ರಾಂಶದ ಬೇರೆ ಭಾಗಗಳು ಅದನ್ನು ನೇರವಾಗಿ ಬಳಸಬಾರದು ಎಂಬುದು ನಮ್ಮ ಉದ್ದೇಶ. ಅದಕ್ಕಾಗಿ ಹೀಗೆ ಬರೆದಿದ್ದೇವೆ. ಎಲ್ಲರೂ ಸುಲಭವಾಗಿ ಓದಲಿ ಎಂದು ಕೋಡನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಯಂತ್ರಕ್ಕೆ ಕೊಡುವಾಗ ಕೀವರ್ಡ್‌ಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕು.

```
ಕ್ಲಾಸ್ ಟಿಕೆಟ್
  ಆಟರ್_ರೀಡರ್ :ಇಂದ, :ವರೆಗೆ, :ದರ

  ಡೆಫ್ ಸೆಲ್ಫ್.ಕೊಡು(ಇಂದ, ವರೆಗೆ)
    ನ್ಯೂ(ಇಂದ, ವರೆಗೆ, ದರ(ಇಂದ, ವರೆಗೆ))
  ಎಂಡ್

  ಪ್ರೈವೇಟ್

  ಡೆಫ್ ಸೆಲ್ಫ್.ದರ(ಇಂದ, ವರೆಗೆ)
    # ಹಂತಗಳ ಪಟ್ಟಿಯಿಂದ ಲೆಕ್ಕ
  ಎಂಡ್
ಎಂಡ್
```

‘ಪ್ರೈವೇಟ್’ ಎಂಬ ಸಾಲಿನ ಕೆಳಗೇ ‘ಸೆಲ್ಫ್.ದರ’ ಇದೆ. ಆದರೆ ಐಆರ್‌ಬಿಯಲ್ಲಿ (ರೂಬಿಯ ಸಾಲುಗಳನ್ನು ಒಂದೊಂದಾಗಿ ಓಡಿಸಿ ನೋಡುವ ಸಾಧನ) ‘ಟಿಕೆಟ್.ದರ("ಮೂಲ್ಕಿ", "ಕಾಪು")’ ಎಂದು ಹೊರಗಿನಿಂದ ಕರೆದರೆ ಯಾವ ತಕರಾರೂ ಇಲ್ಲದೆ ಉತ್ತರ ಬರುತ್ತದೆ. ಎರರ್ ಇಲ್ಲ, ಎಚ್ಚರಿಕೆಯ ಸಂದೇಶವೂ ಇಲ್ಲ. ರಿವ್ಯೂ ಮಾಡಿದ ಗೆಳೆಯರೊಬ್ಬರು ಆ ‘ಪ್ರೈವೇಟ್’ ಸಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದರು. ಕಾರಣವೇನು, ಸರಿಯಾದ ಕ್ರಮ ಯಾವುದು ಎಂದು ಬಲ್ಲವರು ವಿವರಿಸಬೇಕಾಗಿ ಕೋರುತ್ತೇನೆ.

ಮಣಿಪಾಲದ ಸದಸ್ಯೆ

ನಿಮ್ಮ ಗೆಳೆಯರು ಹೇಳಿದ್ದು ಸರಿ. ಕಾರಣವನ್ನು ಸ್ವಲ್ಪ ಬುಡದಿಂದಲೇ ನೋಡೋಣ, ಏಕೆಂದರೆ ಇದೊಂದು ತಿಳಿದರೆ ರೂಬಿಯ ಗೋಚರತೆಯ (ಯಾವ ಮೆಥಡನ್ನು ಯಾರು ಕರೆಯಬಹುದು ಎಂಬುದರ) ಬಹುಪಾಲು ಗೊಂದಲ ತಾನಾಗಿಯೇ ಬಗೆಹರಿಯುತ್ತದೆ.

ರೂಬಿಯಲ್ಲಿ ‘ಪ್ರೈವೇಟ್’ ಎಂಬುದು ಕೀವರ್ಡ್ ಅಲ್ಲ. ಅದು ‘ಮಾಡ್ಯೂಲ್’ ಎಂಬ ಕ್ಲಾಸಿನಲ್ಲಿರುವ ಒಂದು ಮೆಥಡ್. ಆರ್ಗ್ಯುಮೆಂಟ್ ಇಲ್ಲದೆ ಅದನ್ನು ಕರೆದರೆ ಅದು ಮಾಡುವ ಕೆಲಸ ಒಂದೇ: ಈ ಕ್ಲಾಸಿನ ಆವರಣದಲ್ಲಿ ಇನ್ನು ಮುಂದೆ ಬರುವ ಸಾದಾ ‘ಡೆಫ್’ಗಳು ಪ್ರೈವೇಟ್ ಆಗಬೇಕು ಎಂದು ಗುರುತು ಹಾಕಿಡುವುದು. ಆ ಗುರುತು ಕ್ಲಾಸಿನ ‘ಎಂಡ್’ ಬರುವವರೆಗೆ ಮಾತ್ರ ಇರುತ್ತದೆ. ಅದೇ ಕ್ಲಾಸನ್ನು ಇನ್ನೊಂದು ಕಡತದಲ್ಲಿ ಮತ್ತೆ ತೆರೆದರೆ ಗೋಚರತೆ ಪುನಃ ಪಬ್ಲಿಕ್‌ನಿಂದಲೇ ಶುರುವಾಗುತ್ತದೆ.

ಇನ್ನು ‘ಡೆಫ್ ಸೆಲ್ಫ್.ದರ’ ಎಂಬುದನ್ನು ನೋಡಿ. ನಾವು ಅನುಕೂಲಕ್ಕಾಗಿ ಅದನ್ನು ಕ್ಲಾಸ್ ಮೆಥಡ್ ಎನ್ನುತ್ತೇವೆ, ಆದರೆ ರೂಬಿಯ ಒಳಗೆ ಆ ಹೆಸರಿನ ಪ್ರತ್ಯೇಕ ವರ್ಗವೊಂದಿಲ್ಲ. ಟಿಕೆಟ್ ಎಂಬ ಕ್ಲಾಸ್ ತಾನೂ ಒಂದು ಆಬ್ಜೆಕ್ಟ್. ಬಹುತೇಕ ಪ್ರತಿ ಆಬ್ಜೆಕ್ಟಿಗೂ ಅದಕ್ಕೇ ಮೀಸಲಾದ ಒಂದು ಸಿಂಗಲ್ಟನ್ ಕ್ಲಾಸ್ ಇರಲು ಸಾಧ್ಯವಿದ್ದು, ‘ಡೆಫ್ ಸೆಲ್ಫ್.ದರ’ ಎಂದು ಬರೆದಾಗ ಆ ಮೆಥಡ್ ಟಿಕೆಟ್ ಕ್ಲಾಸಿನ ಪಟ್ಟಿಗೆ ಸೇರದೆ ಟಿಕೆಟ್‌ನ ಸಿಂಗಲ್ಟನ್ ಕ್ಲಾಸಿನ ಪಟ್ಟಿಗೆ ಸೇರುತ್ತದೆ. ನೀವು ಬರೆದ ‘ಪ್ರೈವೇಟ್’ ಗುರುತು ಹಾಕಿದ್ದು ಮೊದಲನೆಯ ಪಟ್ಟಿಗೆ. ಮೆಥಡ್ ಹೋಗಿ ಕುಳಿತದ್ದು ಎರಡನೆಯದರಲ್ಲಿ. ರೂಬಿಯ ಸಿ ಭಾಷೆಯ ಮೂಲದಲ್ಲಿ ಮೆಥಡ್ ವ್ಯಾಖ್ಯಾನಿಸುವ ಭಾಗವನ್ನು ತೆರೆದು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ: ವ್ಯಾಖ್ಯಾನ ಸಿಂಗಲ್ಟನ್ ಮಾದರಿಯದ್ದಾದರೆ, ಸುತ್ತಲಿನ ಗುರುತನ್ನು ಕೇಳುವ ಗೋಜಿಗೇ ಹೋಗದೆ ಗೋಚರತೆಯನ್ನು ನೇರವಾಗಿ ಪಬ್ಲಿಕ್ ಎಂದು ಇಡಲಾಗುತ್ತದೆ. ಆದ್ದರಿಂದ ‘ಡೆಫ್ ಸೆಲ್ಫ್’ ಯಾವಾಗಲೂ ಪಬ್ಲಿಕ್ ಆಗಿಯೇ ಹುಟ್ಟುತ್ತದೆ. ‘ಡಿಫೈನ್_ಸಿಂಗಲ್ಟನ್_ಮೆಥಡ್’ ಬಳಸಿದರೂ ಹಾಗೆಯೇ.

ಅದನ್ನು ಪ್ರೈವೇಟ್ ಮಾಡಲು ಎರಡು ದಾರಿಗಳಿವೆ. ಒಂದು, ಹುಟ್ಟಿದ ಮೇಲೆ ಹೆಸರು ಹಿಡಿದು ಮುಚ್ಚುವುದು:

```
  ಡೆಫ್ ಸೆಲ್ಫ್.ದರ(ಇಂದ, ವರೆಗೆ)
    # ...
  ಎಂಡ್
  ಪ್ರೈವೇಟ್_ಕ್ಲಾಸ್_ಮೆಥಡ್ :ದರ
```

ಇನ್ನೊಂದು, ಸಿಂಗಲ್ಟನ್ ಕ್ಲಾಸನ್ನೇ ತೆರೆದು ಅದರ ಆವರಣದೊಳಗೆ ‘ಪ್ರೈವೇಟ್’ ಎನ್ನುವುದು:

```
  ಕ್ಲಾಸ್ << ಸೆಲ್ಫ್
    ಡೆಫ್ ಕೊಡು(ಇಂದ, ವರೆಗೆ)
      ನ್ಯೂ(ಇಂದ, ವರೆಗೆ, ದರ(ಇಂದ, ವರೆಗೆ))
    ಎಂಡ್

    ಪ್ರೈವೇಟ್

    ಡೆಫ್ ದರ(ಇಂದ, ವರೆಗೆ)
      # ...
    ಎಂಡ್
  ಎಂಡ್
```

ಎರಡನೆಯದರಲ್ಲಿ ‘ಡೆಫ್ ದರ’ ಎಂಬುದು ಸಾದಾ ‘ಡೆಫ್’. ಗುರುತು ಹಾಕಿದ ಪಟ್ಟಿಯೂ ಮೆಥಡ್ ಸೇರುವ ಪಟ್ಟಿಯೂ ಇಲ್ಲಿ ಒಂದೇ ಆಗಿರುವುದರಿಂದ ‘ಪ್ರೈವೇಟ್’ ನೀವು ನಿರೀಕ್ಷಿಸಿದ ಹಾಗೆಯೇ ಕೆಲಸ ಮಾಡುತ್ತದೆ. ಈಗ ಹೊರಗಿನಿಂದ ‘ಟಿಕೆಟ್.ದರ’ ಎಂದು ಕರೆದರೆ ‘ನೋ ಮೆಥಡ್ ಎರರ್’ ಬರುತ್ತದೆ, ಮತ್ತು ಪ್ರೈವೇಟ್ ಮೆಥಡನ್ನು ಕರೆಯಲಾಗಿದೆ ಎಂದು ಅದರ ಸಂದೇಶ ಸ್ಪಷ್ಟವಾಗಿ ಹೇಳುತ್ತದೆ.

ಸುರತ್ಕಲ್ ವಿದ್ಯಾರ್ಥಿ

ವಿವರಣೆಗೆ ಧನ್ಯವಾದಗಳು. ಇದಕ್ಕೆ ಹೊಂದಿಕೊಂಡ ಒಂದು ಪ್ರಶ್ನೆ ನನ್ನದೂ ಇದೆ. ನಾವು ಕಾಲೇಜಿನಲ್ಲಿ ಮೊದಲು ಕಲಿತದ್ದು ಜಾವಾ. ಅಲ್ಲಿ ‘ಪ್ರೈವೇಟ್ ಸ್ಟ್ಯಾಟಿಕ್’ ಮೆಥಡನ್ನು ಅದೇ ಕ್ಲಾಸಿನ ಯಾವ ಇನ್‌ಸ್ಟನ್ಸ್ ಮೆಥಡಿನಿಂದಲೂ (ಕ್ಲಾಸಿನಿಂದ ಸೃಷ್ಟಿಸಿದ ಒಂದೊಂದು ಆಬ್ಜೆಕ್ಟಿನ ಮೇಲೆ ಕರೆಯುವ ಮೆಥಡ್) ಕರೆಯಬಹುದು, ಏಕೆಂದರೆ ಕೋಡ್ ಆ ಕ್ಲಾಸಿನೊಳಗೆ ಇದೆ. ಹಾಗೆಯೇ ರೂಬಿಯಲ್ಲಿ ಟಿಕೆಟ್‌ನ ಒಂದು ಇನ್‌ಸ್ಟನ್ಸ್ ಮೆಥಡಿನಿಂದ ‘ಸೆಲ್ಫ್.ಕ್ಲಾಸ್.ದರ’ ಎಂದು ಕರೆದು ನೋಡಿದೆ. ಅದೇ ‘ನೋ ಮೆಥಡ್ ಎರರ್’ ಬಂತು. ‘ಟಿಕೆಟ್.ದರ’ ಎಂದು ಕರೆದರೂ ಅದೇ ಫಲ. ಒಂದೇ ಕ್ಲಾಸಿನೊಳಗೆ ಇದ್ದರೂ ಏಕೆ ಬಿಡುತ್ತಿಲ್ಲ?

ಮಣಿಪಾಲದ ಸದಸ್ಯೆ

ಬಹಳ ಮುಖ್ಯವಾದ ಪ್ರಶ್ನೆ. ಜಾವಾದಲ್ಲಿ ಕಂಪೈಲರ್ ಕೇಳುವುದು “ಈ ಕರೆ ಎಲ್ಲಿ ಬರೆಯಲ್ಪಟ್ಟಿದೆ?” ಎಂದು. ರೂಬಿ ಪ್ರೈವೇಟ್ ವಿಷಯದಲ್ಲಿ ಕೇಳುವುದು “ಈ ಕರೆ ಯಾವ ರೂಪದಲ್ಲಿದೆ?” ಎಂದು. ರಿಸೀವರ್ ಇಲ್ಲದೆ, ಅಂದರೆ ಚುಕ್ಕೆಯ ಎಡಗಡೆ ಏನನ್ನೂ ಬರೆಯದೆ ಕರೆದರೆ, ಆ ಕರೆ ‘ಸೆಲ್ಫ್’ಗೆ ಹೋಗುತ್ತದೆ ಮತ್ತು ಪ್ರೈವೇಟ್ ಮೆಥಡ್ ಸಿಗುತ್ತದೆ. ರಿಸೀವರ್ ಬರೆದರೆ ಸಿಗುವುದಿಲ್ಲ. ಬರೆದ ರಿಸೀವರ್ ಮತ್ತು ‘ಸೆಲ್ಫ್’ ಒಂದೇ ಆಬ್ಜೆಕ್ಟ್ ಆಗಿದ್ದರೂ ರೂಬಿ ಅದನ್ನು ಹೋಲಿಸಿ ನೋಡುವುದಿಲ್ಲ.

ನೀವು ಕೊಟ್ಟ ಉದಾಹರಣೆಯನ್ನೇ ನೋಡೋಣ. ಇನ್‌ಸ್ಟನ್ಸ್ ಮೆಥಡಿನೊಳಗೆ ‘ಸೆಲ್ಫ್’ ಎಂದರೆ ಒಂದು ಟಿಕೆಟ್. ಟಿಕೆಟ್ ಎಂಬ ಕ್ಲಾಸ್ ಅಲ್ಲ. ‘ಸೆಲ್ಫ್.ಕ್ಲಾಸ್.ದರ’ ಎಂದಾಗ ‘ಸೆಲ್ಫ್.ಕ್ಲಾಸ್’ ಎಂಬುದು ಇನ್ನೊಂದು ಆಬ್ಜೆಕ್ಟ್, ಅದನ್ನು ರಿಸೀವರ್ ಆಗಿ ಬರೆಯಲಾಗಿದೆ. ರೂಬಿಯ ದೃಷ್ಟಿಯಲ್ಲಿ ಇದು ಹೊರಗಿನವರ ಕರೆ. ಟಿಕೆಟ್‌ನ ಇನ್‌ಸ್ಟನ್ಸ್‌ಗೂ ಟಿಕೆಟ್ ಕ್ಲಾಸಿಗೂ ಇರುವ ಸಂಬಂಧ ಎಷ್ಟೇ ಹತ್ತಿರದ್ದಾಗಿರಲಿ, ಪ್ರೈವೇಟ್ ನಿಯಮ ಆ ಸಂಬಂಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಆವೃತ್ತಿಯ ಒಂದು ಸಂಗತಿಯನ್ನು ಗಮನಿಸಬೇಕು. 2019ರ ಡಿಸೆಂಬರಿನಲ್ಲಿ ಬಂದ ರೂಬಿ 2.7ರಿಂದ, ರಿಸೀವರ್ ಆಗಿ ಅಕ್ಷರಶಃ ‘ಸೆಲ್ಫ್’ ಎಂದು ಬರೆದರೆ ಪ್ರೈವೇಟ್ ಮೆಥಡನ್ನು ಕರೆಯಬಹುದು. ಅದಕ್ಕೂ ಮೊದಲು ‘ಸೆಲ್ಫ್.ಹೆಸರು = ...’ ಎಂಬಂತಹ ಬೆಲೆ ಕೊಡುವ ಮೆಥಡ್‌ಗಳಿಗೆ ಮಾತ್ರ ಆ ಸವಲತ್ತು ಇತ್ತು. ಆದ್ದರಿಂದ ‘ಕೊಡು’ ಎಂಬ ಕ್ಲಾಸ್ ಮೆಥಡಿನೊಳಗೆ ‘ದರ(...)’ ಎಂದರೂ ‘ಸೆಲ್ಫ್.ದರ(...)’ ಎಂದರೂ ಇಂದು ನಡೆಯುತ್ತದೆ. ಅದೇ ಜಾಗದಲ್ಲಿ ‘ಟಿಕೆಟ್.ದರ(...)’ ಎಂದು ಬರೆದರೆ ಮಾತ್ರ, ಆ ಕ್ಷಣದಲ್ಲಿ ‘ಸೆಲ್ಫ್’ ಎಂದರೆ ಟಿಕೆಟ್ ಕ್ಲಾಸೇ ಆಗಿದ್ದರೂ, ಎರರ್ ಬರುತ್ತದೆ. ಕ್ಲಾಸಿನ ಹೆಸರನ್ನು ಎಲ್ಲೆಡೆ ಪೂರ್ತಿಯಾಗಿ ಬರೆಯುವ ಅಭ್ಯಾಸವಿರುವವರು ಒಂದು ಮೆಥಡನ್ನು ಪ್ರೈವೇಟ್ ಮಾಡಿದ ತಕ್ಷಣ ತಮ್ಮದೇ ಕೋಡ್ ಮುರಿದು ಬೀಳುವುದನ್ನು ನೋಡುವುದು ಇದೇ ಕಾರಣಕ್ಕೆ.

ಬಿಜೈ ಸದಸ್ಯರು

ಎರಡು ದಾರಿಗಳಲ್ಲಿ ಯಾವುದು ಮೇಲು ಎಂಬುದರ ಬಗ್ಗೆ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ‘ಕ್ಲಾಸ್ << ಸೆಲ್ಫ್’ ಎಂಬ ಆವರಣ ನೋಡಲು ಅಚ್ಚುಕಟ್ಟಾಗಿದ್ದರೂ ಉದ್ದನೆಯ ಕಡತದಲ್ಲಿ ಓದುಗರಿಗೆ ಅದು ತೊಂದರೆ ಕೊಡುತ್ತದೆ. ಪರದೆಯ ಮೇಲೆ ‘ಡೆಫ್ ದರ’ ಎಂಬ ಸಾಲು ಮಾತ್ರ ಕಾಣುತ್ತಿದ್ದರೆ ಅದು ಇನ್‌ಸ್ಟನ್ಸ್ ಮೆಥಡೋ ಕ್ಲಾಸ್ ಮೆಥಡೋ ಎಂದು ತಿಳಿಯಲು ಮೇಲೆ ಸರಿದು ಆವರಣ ಎಲ್ಲಿ ಶುರುವಾಗಿದೆ ಎಂದು ಹುಡುಕಬೇಕು. ‘ಡೆಫ್ ಸೆಲ್ಫ್.ದರ’ ಎಂದಿದ್ದರೆ ಆ ಸಾಲೇ ಎಲ್ಲವನ್ನೂ ಹೇಳುತ್ತದೆ.

ಇನ್ನೊಂದು ತೊಡಕು ಕಾನ್‌ಸ್ಟಂಟ್‌ಗಳದ್ದು. ‘ಕ್ಲಾಸ್ << ಸೆಲ್ಫ್’ ಆವರಣದೊಳಗೆ ‘ಹಂತಗಳು’ ಎಂಬ ಕಾನ್‌ಸ್ಟಂಟನ್ನು ಬರೆದರೆ ಅದು ಟಿಕೆಟ್‌ಗೆ ಸೇರದೆ ಸಿಂಗಲ್ಟನ್ ಕ್ಲಾಸಿಗೆ ಸೇರುತ್ತದೆ. ಆಮೇಲೆ ‘ಟಿಕೆಟ್::ಹಂತಗಳು’ ಎಂದು ಕೇಳಿದರೆ ‘ನೇಮ್ ಎರರ್’.

ಆದ್ದರಿಂದ ನಾನು ಬಳಸುವುದು ಈ ರೂಪ. 2013ರ ಡಿಸೆಂಬರಿನಲ್ಲಿ ಬಂದ ರೂಬಿ 2.1ರಿಂದ ‘ಡೆಫ್’ ತಾನು ವ್ಯಾಖ್ಯಾನಿಸಿದ ಮೆಥಡಿನ ಹೆಸರನ್ನು ಸಿಂಬಲ್ ಆಗಿ ಹಿಂದಿರುಗಿಸುತ್ತದೆ. ಹಾಗಾಗಿ ಒಂದೇ ಸಾಲಿನಲ್ಲಿ ಹೀಗೆ ಬರೆಯಬಹುದು:

```
  ಪ್ರೈವೇಟ್_ಕ್ಲಾಸ್_ಮೆಥಡ್ ಡೆಫ್ ಸೆಲ್ಫ್.ದರ(ಇಂದ, ವರೆಗೆ)
    # ...
  ಎಂಡ್
```

ವ್ಯಾಖ್ಯಾನವೂ ಗೋಚರತೆಯೂ ಒಂದೇ ಕಡೆ ಇರುವುದರಿಂದ, ಮೆಥಡನ್ನು ಕತ್ತರಿಸಿ ಇನ್ನೊಂದು ಜಾಗಕ್ಕೆ ಒಯ್ದರೂ ಅದರ ಗೋಚರತೆ ಜೊತೆಗೇ ಹೋಗುತ್ತದೆ. ನೆನಪಿಡಬೇಕಾದದ್ದು: ‘ಪ್ರೈವೇಟ್_ಕ್ಲಾಸ್_ಮೆಥಡ್’ ಎಂದು ಆರ್ಗ್ಯುಮೆಂಟ್ ಇಲ್ಲದೆ ಒಂಟಿಯಾಗಿ ಬರೆದರೆ ಅದು ಏನನ್ನೂ ಮಾಡುವುದಿಲ್ಲ. ಕೆಳಗಿನ ಮೆಥಡ್‌ಗಳಿಗೆಲ್ಲ ಅದು ಅನ್ವಯಿಸುತ್ತದೆ ಎಂದು ನಂಬಿ ಬರೆದಿರುವ ಕೋಡನ್ನು ನಾನು ನೋಡಿದ್ದೇನೆ.

ಕಾಪು ದೀಪಸ್ತಂಭ

ಮೇಲಿನ ರೂಪದಲ್ಲಿ ಒಂದೇ ಒಂದು ಪದವನ್ನು ಬಿಟ್ಟು ‘ಪ್ರೈವೇಟ್ ಡೆಫ್ ಸೆಲ್ಫ್.ದರ’ ಎಂದು ಬರೆಯುವವರು ಬಹಳ ಮಂದಿ. ಅದರ ಪರಿಣಾಮವನ್ನು ವಿವರವಾಗಿ ಹೇಳುವುದು ಅಗತ್ಯವೆನಿಸುತ್ತದೆ, ಏಕೆಂದರೆ ಇಡೀ ವಿಷಯದಲ್ಲಿ ಅತ್ಯಂತ ಅಪಾಯಕಾರಿ ಜಾಗ ಇದೇ ಎಂದು ನನ್ನ ಎಣಿಕೆ.

‘ಡೆಫ್ ಸೆಲ್ಫ್.ದರ’ ಹಿಂದಿರುಗಿಸುವುದು ‘:ದರ’ ಎಂಬ ಬರಿಯ ಹೆಸರನ್ನು. ಅದು ಸಿಂಗಲ್ಟನ್ ಮೆಥಡಿನ ಹೆಸರು ಎಂಬ ಸುಳಿವು ಆ ಸಿಂಬಲ್‌ನಲ್ಲಿ ಎಲ್ಲೂ ಇರುವುದಿಲ್ಲ. ‘ಪ್ರೈವೇಟ್’ ಆ ಹೆಸರನ್ನು ಹಿಡಿದು ಟಿಕೆಟ್ ಕ್ಲಾಸಿನ ಇನ್‌ಸ್ಟನ್ಸ್ ಮೆಥಡ್‌ಗಳ ಪಟ್ಟಿಯಲ್ಲಿ, ಅಲ್ಲಿ ಇಲ್ಲದಿದ್ದರೆ ಅದರ ಪೂರ್ವಜರ ಪಟ್ಟಿಗಳಲ್ಲಿ ಹುಡುಕುತ್ತದೆ. ಎಲ್ಲೂ ಸಿಗದಿದ್ದರೆ ‘ನೇಮ್ ಎರರ್’ ಬಂದು ಕಡತ ಲೋಡ್ ಆಗುವಾಗಲೇ ನಿಲ್ಲುತ್ತದೆ. ಅದು ಒಳ್ಳೆಯದೇ, ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ಆದರೆ ಪಣಂಬೂರಿನವರ ಕೋಡನ್ನು ಮತ್ತೊಮ್ಮೆ ನೋಡಿ. ಮೇಲ್ಗಡೆ ‘ಆಟರ್_ರೀಡರ್ :ದರ’ ಇದೆ. ಅಂದರೆ ‘ದರ’ ಎಂಬ ಇನ್‌ಸ್ಟನ್ಸ್ ಮೆಥಡ್ ಈಗಾಗಲೇ ಇದೆ. ಇಲ್ಲಿ ‘ಪ್ರೈವೇಟ್ ಡೆಫ್ ಸೆಲ್ಫ್.ದರ’ ಎಂದು ಬರೆದರೆ ಯಾವ ಎರರೂ ಬರುವುದಿಲ್ಲ. ‘ಪ್ರೈವೇಟ್’ಗೆ ಹೆಸರು ಸಿಕ್ಕಿತು, ಅದು ಆ ರೀಡರನ್ನು ಪ್ರೈವೇಟ್ ಮಾಡಿತು. ಟಿಕೆಟ್ ಮುದ್ರಿಸುವ ಭಾಗ ‘ಟಿಕೆಟು’ ಎಂಬ ಒಂದು ಇನ್‌ಸ್ಟನ್ಸ್ ಹಿಡಿದು ‘ಟಿಕೆಟು.ದರ’ ಎಂದು ಕೇಳಿದಾಗ ‘ನೋ ಮೆಥಡ್ ಎರರ್’ ಬರುತ್ತದೆ, ಮುಚ್ಚಬೇಕೆಂದಿದ್ದ ‘ಟಿಕೆಟ್.ದರ’ ಮಾತ್ರ ಎಲ್ಲರಿಗೂ ತೆರೆದೇ ಉಳಿಯುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಬೇಕಾದದ್ದು ಒಂದು, ಆದದ್ದು ಅದರ ತದ್ವಿರುದ್ಧ.

ಇದಕ್ಕಿಂತ ಸದ್ದಿಲ್ಲದ ಇನ್ನೊಂದು ರೂಪವಿದೆ. ಕ್ಲಾಸ್ ಮೆಥಡಿನ ಹೆಸರು ‘ಓಪನ್’, ‘ಲೋಡ್’, ‘ಫಾರ್ಮ್ಯಾಟ್’, ‘ಸಿಸ್ಟಮ್’ ಮುಂತಾದವುಗಳಲ್ಲಿ ಒಂದು ಎಂದಿಟ್ಟುಕೊಳ್ಳಿ. ಆ ಹೆಸರಿನ ಇನ್‌ಸ್ಟನ್ಸ್ ಮೆಥಡ್‌ಗಳು, ಸಾಮಾನ್ಯ ಕ್ಲಾಸ್‌ಗಳಿಗೆಲ್ಲ ಪೂರ್ವಜರಲ್ಲಿ ಒಂದಾದ ‘ಕರ್ನೆಲ್’ ಮಾಡ್ಯೂಲಿನಲ್ಲಿ ಮೊದಲಿನಿಂದಲೂ ಇವೆ, ಮತ್ತು ಅವು ಪ್ರೈವೇಟ್ ಆಗಿಯೇ ಇವೆ. ‘ಪ್ರೈವೇಟ್ ಡೆಫ್ ಸೆಲ್ಫ್.ಓಪನ್’ ಎಂದರೆ ‘ಪ್ರೈವೇಟ್’ ಕರ್ನೆಲ್‌ನ ‘ಓಪನ್’ ಅನ್ನು ಕಂಡು, ಅದು ಆಗಲೇ ಪ್ರೈವೇಟ್ ಇರುವುದರಿಂದ ಏನನ್ನೂ ಬದಲಿಸದೆ ಮುಂದೆ ಹೋಗುತ್ತದೆ. ಎರರ್ ಇಲ್ಲ, ಯಾವ ಬದಲಾವಣೆಯೂ ಇಲ್ಲ, ನಿಮ್ಮ ಕ್ಲಾಸ್ ಮೆಥಡ್ ಪಬ್ಲಿಕ್ ಆಗಿಯೇ ಇದೆ. ಓದುವವರಿಗೆ ಮಾತ್ರ ಅದು ಪ್ರೈವೇಟ್ ಎಂದು ಕಾಣುತ್ತಿರುತ್ತದೆ. ಇಂತಹ ಸಾಲು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯಬಲ್ಲುದು. ಈ ಕಾರಣದಿಂದ ನಾನು ಬಿಜೈ ಸದಸ್ಯರ ಆಯ್ಕೆಯನ್ನು ಒಪ್ಪುವುದಿಲ್ಲ: ಒಂದು ಪದದ ಮರೆವಿನಿಂದ ಅರ್ಥ ತಲೆಕೆಳಗಾಗುವ ರೂಪಕ್ಕಿಂತ ‘ಕ್ಲಾಸ್ << ಸೆಲ್ಫ್’ ಆವರಣ ಹೆಚ್ಚು ಸುರಕ್ಷಿತ.

ಬಿಜೈ ಸದಸ್ಯರು

ಕರ್ನೆಲ್‌ನ ಹೆಸರುಗಳ ವಿಷಯ ಬಹಳ ಉಪಯುಕ್ತ. ಆದರೂ ನನ್ನ ನಿಲುವನ್ನು ಬಿಡುವುದಿಲ್ಲ. ಆ ಮರೆವನ್ನು ಹಿಡಿಯಬೇಕಾದದ್ದು ಟೆಸ್ಟ್. ಮತ್ತು ಆವರಣದ ರೂಪದಲ್ಲಿಯೂ ಮರೆವಿಗೆ ಜಾಗವಿದೆ. ‘ಕ್ಲಾಸ್ << ಸೆಲ್ಫ್’ ಒಳಗೆ ಅಭ್ಯಾಸಬಲದಿಂದ ‘ಡೆಫ್ ಸೆಲ್ಫ್.ದರ’ ಎಂದು ಬರೆದರೆ ಆ ಮೆಥಡ್ ಸಿಂಗಲ್ಟನ್ ಕ್ಲಾಸಿನ ಸಿಂಗಲ್ಟನ್ ಕ್ಲಾಸಿಗೆ ಹೋಗಿ ಸೇರುತ್ತದೆ. ‘ಕೊಡು’ ಅದನ್ನು ಕರೆದಾಗ ಅದು ಸಿಗುವುದೇ ಇಲ್ಲ.

ಮಲ್ಪೆಯ ಓದುಗರು

ಕೂಡಲೇ ಎರರ್ ಕೊಡುವ ಮರೆವಿಗೂ ಸುಮ್ಮನಿರುವ ಮರೆವಿಗೂ ವ್ಯತ್ಯಾಸವಿದೆ. ಆ ದೃಷ್ಟಿಯಿಂದ ನಾನು ಕಾಪುವಿನವರ ಪಕ್ಷ. ಒಂದೋ ಎರಡೋ ಮೆಥಡ್ ಇದ್ದರೆ ಬಿಜೈಯವರ ರೂಪ, ಅದಕ್ಕಿಂತ ಹೆಚ್ಚಿದ್ದರೆ ಆವರಣ ಎಂದು ನಮ್ಮಲ್ಲಿ ಇಟ್ಟುಕೊಂಡಿದ್ದೇವೆ.

ಇನ್ನು ಯಾರೂ ಪ್ರಸ್ತಾಪಿಸದ ಆನುವಂಶಿಕತೆಯ ವಿಚಾರಕ್ಕೆ ಬರುತ್ತೇನೆ. ‘ಪಾಸ್’ ಎಂಬ ಕ್ಲಾಸ್ ಟಿಕೆಟ್‌ನಿಂದ ಹುಟ್ಟಿದ್ದರೆ, ಪಾಸ್‌ನ ಸಿಂಗಲ್ಟನ್ ಕ್ಲಾಸ್ ಟಿಕೆಟ್‌ನ ಸಿಂಗಲ್ಟನ್ ಕ್ಲಾಸಿನಿಂದ ಹುಟ್ಟಿದೆ. ಹಾಗಾಗಿ ಟಿಕೆಟ್‌ನ ಪ್ರೈವೇಟ್ ‘ದರ’ವನ್ನು ಪಾಸ್‌ನ ಕ್ಲಾಸ್ ಮೆಥಡ್‌ಗಳು ರಿಸೀವರ್ ಇಲ್ಲದೆ ಧಾರಾಳವಾಗಿ ಕರೆಯಬಹುದು. ಜಾವಾದ ಪ್ರೈವೇಟ್‌ಗೆ ಒಗ್ಗಿಕೊಂಡವರಿಗೆ ಇದು ಅನಿರೀಕ್ಷಿತ, ಆದರೆ ರೂಬಿಯಲ್ಲಿ ಪ್ರೈವೇಟ್ ಎಂಬುದು ಮಕ್ಕಳಿಂದ ಮುಚ್ಚಿಡುವ ಸಾಧನ ಅಲ್ಲವೇ ಅಲ್ಲ.

ಎಚ್ಚರ ಬೇಕಾದದ್ದು ಮರುವ್ಯಾಖ್ಯಾನದಲ್ಲಿ. ಪಾಸ್‌ಗೆ ಬೇರೆ ಲೆಕ್ಕ ಬೇಕೆಂದು ಅಲ್ಲಿ ‘ಡೆಫ್ ಸೆಲ್ಫ್.ದರ’ ಎಂದು ಹೊಸದಾಗಿ ಬರೆದರೆ, ತಾಯಿ ಕ್ಲಾಸಿನಲ್ಲಿ ಅದು ಪ್ರೈವೇಟ್ ಆಗಿದ್ದರೂ ಇಲ್ಲಿ ಪಬ್ಲಿಕ್ ಆಗಿ ಹುಟ್ಟುತ್ತದೆ. ಗೋಚರತೆ ಹೆಸರಿಗೆ ಅಂಟಿಕೊಂಡದ್ದಲ್ಲ. ಆಯಾ ಕ್ಲಾಸಿನ ಪಟ್ಟಿಯಲ್ಲಿ ಆ ಮೆಥಡಿಗೆ ಕೊಟ್ಟ ಗುರುತು. ಪಾಸ್‌ನಲ್ಲಿಯೂ ಮತ್ತೊಮ್ಮೆ ‘ಪ್ರೈವೇಟ್_ಕ್ಲಾಸ್_ಮೆಥಡ್ :ದರ’ ಎನ್ನಬೇಕು. ರೂಬಿಯೇ ಕರೆಯುವ ‘ಇನ್‌ಹೆರಿಟೆಡ್’ ಎಂಬ ಮೆಥಡಿಗೂ ಇದೇ ಗತಿ. ಮೂಲದಲ್ಲಿ ಅದು ಪ್ರೈವೇಟ್. ನಾವು ‘ಡೆಫ್ ಸೆಲ್ಫ್.ಇನ್‌ಹೆರಿಟೆಡ್’ ಎಂದು ಬರೆದ ಕೂಡಲೇ ನಮ್ಮ ಕ್ಲಾಸಿನಲ್ಲಿ ಅದು ಪಬ್ಲಿಕ್. ಅದರಿಂದ ದೊಡ್ಡ ಹಾನಿಯಿಲ್ಲ, ರೂಬಿ ಎರಡೂ ಸ್ಥಿತಿಯಲ್ಲಿ ಅದನ್ನು ಕರೆಯುತ್ತದೆ.

ಪಣಂಬೂರು ಓದುಗ

ಎಲ್ಲರ ಉತ್ತರಗಳನ್ನೂ ತಂಡದವರ ಜೊತೆ ಕುಳಿತು ಓದಿದೆವು. ಎರಡು ವಿಷಯಗಳು ಇನ್ನೂ ಉಳಿದಿವೆ.

ಮೊದಲನೆಯದು, ‘ಟಿಕೆಟ್.ನ್ಯೂ’ ಎಂದು ಯಾರೂ ನೇರವಾಗಿ ಕರೆಯಬಾರದು, ಎಲ್ಲರೂ ‘ಟಿಕೆಟ್.ಕೊಡು’ ಮೂಲಕವೇ ಬರಬೇಕು, ಇಲ್ಲವಾದರೆ ಯಾರೋ ಒಬ್ಬರು ತಮಗೆ ಬೇಕಾದ ದರ ಕೊಟ್ಟು ಟಿಕೆಟ್ ಸೃಷ್ಟಿಸಬಹುದು. ಅದಕ್ಕೆ ‘ಪ್ರೈವೇಟ್_ಕ್ಲಾಸ್_ಮೆಥಡ್ :ನ್ಯೂ’ ಸಾಕೇ?

ಎರಡನೆಯದು ಸುರತ್ಕಲ್‌ನವರು ಕೇಳಿದ್ದರ ಮುಂದುವರಿಕೆ. ಪ್ರಯಾಣಿಕರೊಬ್ಬರು ಕಾಪುವಿಗೆ ಟಿಕೆಟ್ ಪಡೆದು ಬಸ್ಸಿನಲ್ಲಿ ಕುಳಿತ ಮೇಲೆ ಉಡುಪಿಯವರೆಗೆ ಮುಂದುವರಿಯಲು ನಿರ್ಧರಿಸುವುದು ನಮ್ಮಲ್ಲಿ ದಿನನಿತ್ಯದ ಸಂಗತಿ. ಆಗ ‘ವಿಸ್ತರಿಸು’ ಎಂಬ ಇನ್‌ಸ್ಟನ್ಸ್ ಮೆಥಡ್ ಹೊಸ ದರವನ್ನು ಲೆಕ್ಕ ಹಾಕಿ ವ್ಯತ್ಯಾಸವನ್ನು ಹೇಳಬೇಕು. ‘ದರ’ ಪ್ರೈವೇಟ್ ಕ್ಲಾಸ್ ಮೆಥಡ್ ಆಗಿದ್ದರೆ ಇನ್‌ಸ್ಟನ್ಸ್‌ಗೆ ಅದು ಸಿಗುವುದಿಲ್ಲ ಎಂದು ಈಗ ಅರ್ಥವಾಯಿತು. ‘ಸೆಲ್ಫ್.ಕ್ಲಾಸ್.ಸೆಂಡ್(:ದರ, ...)’ ಎಂದು ಬರೆದರೆ ನಡೆಯುತ್ತದೆ. ಅದು ಸರಿಯಾದ ಕ್ರಮವೇ? ‘ಪ್ರೊಟೆಕ್ಟೆಡ್’ ಇದಕ್ಕೆ ಒದಗುತ್ತದೆಯೇ?

ಮಣಿಪಾಲದ ಸದಸ್ಯೆ

ಮೊದಲನೆಯದಕ್ಕೆ ಉತ್ತರ: ಸಾಮಾನ್ಯ ಬಳಕೆಗೆ ಸಾಕು. ‘ನ್ಯೂ’ ಕೂಡ ಒಂದು ಕ್ಲಾಸ್ ಮೆಥಡ್. ಅದನ್ನು ಪ್ರೈವೇಟ್ ಮಾಡಿದ ಮೇಲೂ ‘ಕೊಡು’ ಅದನ್ನು ರಿಸೀವರ್ ಇಲ್ಲದೆ ಕರೆಯುತ್ತಿರುವುದರಿಂದ ನಿಮ್ಮ ಕೋಡ್ ಹಾಗೆಯೇ ನಡೆಯುತ್ತದೆ. ‘ಅಲೊಕೇಟ್’ ಎಂಬ ಇನ್ನೊಂದು ಮೆಥಡ್ ‘ಇನಿಶಿಯಲೈಸ್’ ಅನ್ನು ಕರೆಯದೆಯೇ ಖಾಲಿ ಆಬ್ಜೆಕ್ಟನ್ನು ಕೊಡುತ್ತದೆ. ರೂಬಿಯ ಜೊತೆಗೇ ಬರುವ ‘ಸಿಂಗಲ್ಟನ್’ ಎಂಬ ಲೈಬ್ರರಿ ಆ ಕಾರಣಕ್ಕಾಗಿ ‘ನ್ಯೂ’ ಮತ್ತು ‘ಅಲೊಕೇಟ್’ ಎರಡನ್ನೂ ಪ್ರೈವೇಟ್ ಮಾಡುತ್ತದೆ. ನೀವೂ ಎರಡನ್ನೂ ಒಂದೇ ಸಾಲಿನಲ್ಲಿ ಕೊಡಬಹುದು.

‘ಪ್ರೊಟೆಕ್ಟೆಡ್’ ನಿಮಗೆ ಒದಗುವುದಿಲ್ಲ. ಆ ನಿಯಮದಲ್ಲಿ, ಕರೆಯುವ ‘ಸೆಲ್ಫ್’ ಎಂಬುದು ಮೆಥಡ್ ಇರುವ ಕ್ಲಾಸಿಗೆ ಸೇರಿದ ಆಬ್ಜೆಕ್ಟ್ ಆಗಿರಬೇಕು. ಇಲ್ಲಿ ಮೆಥಡ್ ಇರುವುದು ಟಿಕೆಟ್‌ನ ಸಿಂಗಲ್ಟನ್ ಕ್ಲಾಸಿನಲ್ಲಿ. ಅದಕ್ಕೆ ಸೇರಿದ ಆಬ್ಜೆಕ್ಟ್‌ಗಳೆಂದರೆ ಟಿಕೆಟ್ ಕ್ಲಾಸ್ ಮತ್ತು ಅದರಿಂದ ಹುಟ್ಟಿದ ಪಾಸ್‌ನಂತಹ ಕ್ಲಾಸ್‌ಗಳು ಮಾತ್ರ. ಪಾಸ್‌ನ ಕ್ಲಾಸ್ ಮೆಥಡಿನಿಂದ ‘ಟಿಕೆಟ್.ದರ’ ಎಂದು ಹೆಸರು ಹಿಡಿದು ಕರೆಯಬೇಕಾದರೆ ಪ್ರೊಟೆಕ್ಟೆಡ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಕೈಯಲ್ಲಿರುವ ಒಂದು ಟಿಕೆಟ್ ಆ ಗುಂಪಿಗೆ ಸೇರುವುದಿಲ್ಲ.

‘ಸೆಂಡ್’ ಗೋಚರತೆಯನ್ನು ನೋಡುವುದೇ ಇಲ್ಲ, ಆದ್ದರಿಂದ ಅದು ಎಲ್ಲವನ್ನೂ ದಾಟುತ್ತದೆ. ಗೋಚರತೆಯನ್ನು ಗೌರವಿಸುವುದು ‘ಪಬ್ಲಿಕ್_ಸೆಂಡ್’. ನಿಮ್ಮದೇ ಕ್ಲಾಸಿನೊಳಗೆ ‘ಸೆಂಡ್’ ಬಳಸುವುದನ್ನು ಯಾರೂ ತಡೆಯಲಾರರು. ಆದರೆ ನಾವೇ ಹಾಕಿದ ಬೇಲಿಯನ್ನು ನಾವೇ ಹಾರಬೇಕಾಗಿ ಬಂದಿದೆ ಎಂದರೆ ಬೇಲಿ ತಪ್ಪಾದ ಜಾಗದಲ್ಲಿದೆ ಎಂದೇ ನಾನು ಭಾವಿಸುತ್ತೇನೆ. ದರದ ಲೆಕ್ಕ ಟಿಕೆಟ್ ಕ್ಲಾಸಿಗೂ ಬೇಕು, ಪ್ರತಿಯೊಂದು ಟಿಕೆಟಿಗೂ ಬೇಕು. ಹಾಗಿದ್ದಲ್ಲಿ ಅದು ಇಬ್ಬರಲ್ಲಿ ಯಾರ ಪ್ರೈವೇಟ್ ಮೆಥಡೂ ಆಗದೆ ಮೂರನೆಯ ಒಂದು ಆಬ್ಜೆಕ್ಟ್ ಆಗಿರಲಿ, ಮತ್ತು ಆ ಆಬ್ಜೆಕ್ಟನ್ನು ಹೊರಗಿನವರಿಂದ ಮುಚ್ಚಿಡೋಣ:

```
ಕ್ಲಾಸ್ ಟಿಕೆಟ್
  ಮಾಡ್ಯೂಲ್ ದರಪಟ್ಟಿ
    ಡೆಫ್ ಸೆಲ್ಫ್.ಲೆಕ್ಕ(ಇಂದ, ವರೆಗೆ)
      # ...
    ಎಂಡ್
  ಎಂಡ್
  ಪ್ರೈವೇಟ್_ಕಾನ್‌ಸ್ಟಂಟ್ :ದರಪಟ್ಟಿ

  ಆಟರ್_ರೀಡರ್ :ಇಂದ, :ವರೆಗೆ, :ದರ

  ಡೆಫ್ ಸೆಲ್ಫ್.ಕೊಡು(ಇಂದ, ವರೆಗೆ)
    ನ್ಯೂ(ಇಂದ, ವರೆಗೆ, ದರಪಟ್ಟಿ.ಲೆಕ್ಕ(ಇಂದ, ವರೆಗೆ))
  ಎಂಡ್
  ಪ್ರೈವೇಟ್_ಕ್ಲಾಸ್_ಮೆಥಡ್ :ನ್ಯೂ, :ಅಲೊಕೇಟ್

  ಡೆಫ್ ವಿಸ್ತರಿಸು(ಹೊಸ_ನಿಲ್ದಾಣ)
    ದರಪಟ್ಟಿ.ಲೆಕ್ಕ(ಇಂದ, ಹೊಸ_ನಿಲ್ದಾಣ) - ದರ
  ಎಂಡ್
ಎಂಡ್
```

‘ಪ್ರೈವೇಟ್_ಕಾನ್‌ಸ್ಟಂಟ್’ ರೂಬಿ 1.9.3ರಿಂದ ಇದೆ. ಅದರ ನಿಯಮ ಬೇರೆ: ಟಿಕೆಟ್ ಕ್ಲಾಸಿನ ಆವರಣದೊಳಗೆ ಬರಿಯ ‘ದರಪಟ್ಟಿ’ ಎಂದು ಬರೆದರೆ, ಬರೆದದ್ದು ಕ್ಲಾಸ್ ಮೆಥಡಿನಲ್ಲಿಯೋ ಇನ್‌ಸ್ಟನ್ಸ್ ಮೆಥಡಿನಲ್ಲಿಯೋ ಎಂಬ ಭೇದವಿಲ್ಲದೆ ಸಿಗುತ್ತದೆ. ‘ಟಿಕೆಟ್::ದರಪಟ್ಟಿ’ ಎಂದು ದಾರಿ ಹೇಳಿ ಕೇಳಿದರೆ ‘ನೇಮ್ ಎರರ್’ ಬರುತ್ತದೆ. ಜಾವಾದ ‘ಪ್ರೈವೇಟ್ ಸ್ಟ್ಯಾಟಿಕ್’ನಿಂದ ಸುರತ್ಕಲ್‌ನವರು ನಿರೀಕ್ಷಿಸಿದ ವರ್ತನೆಗೆ ರೂಬಿಯಲ್ಲಿ ಅತ್ಯಂತ ಹತ್ತಿರ ಇರುವುದು ಇದೇ.

ಇದರ ಇನ್ನೊಂದು ಲಾಭವೆಂದರೆ ‘ಲೆಕ್ಕ’ ಎಂಬುದು ತನ್ನ ಮಾಡ್ಯೂಲಿನೊಳಗೆ ಪಬ್ಲಿಕ್ ಆಗಿಯೇ ಇರಬಹುದು, ಆದ್ದರಿಂದ ‘ಡೆಫ್ ಸೆಲ್ಫ್’ಗೆ ಗೋಚರತೆಯ ಯಾವ ಗುರುತನ್ನೂ ಹಾಕುವ ಅಗತ್ಯ ಬೀಳುವುದಿಲ್ಲ.

ಸುರತ್ಕಲ್ ವಿದ್ಯಾರ್ಥಿ

ಇದು ಬಹಳ ಹಿಡಿಸಿತು. ಕ್ಲಾಸ್ ಮತ್ತು ಮಾಡ್ಯೂಲ್‌ಗಳ ಹೆಸರು ದೊಡ್ಡಕ್ಷರದಿಂದಲೇ ಶುರುವಾಗಬೇಕಾದ್ದರಿಂದ ‘ಟಿಕೆಟ್’, ‘ದರಪಟ್ಟಿ’ ಎಂಬುವನ್ನು ರೋಮನ್ ಲಿಪಿಯಲ್ಲಿಯೇ ಬರೆಯಬೇಕಾಯಿತು. ಆದರೆ ‘ಕೊಡು’, ‘ವಿಸ್ತರಿಸು’, ‘ದರ’ ಎಂಬ ಮೆಥಡ್‌ಗಳನ್ನು ಕನ್ನಡ ಲಿಪಿಯಲ್ಲಿಯೇ ಇಟ್ಟೆ. ರೂಬಿ ಯಾವ ತಕರಾರೂ ಇಲ್ಲದೆ ಒಪ್ಪಿತು.

ಕಾಪು ದೀಪಸ್ತಂಭ

ಮಣಿಪಾಲದವರ ಕೊನೆಯ ರೂಪವೇ ಈ ಸಂದರ್ಭಕ್ಕೆ ಸರಿ. ಪರೀಕ್ಷಿಸುವ ಬಗೆಯನ್ನೂ ಇಲ್ಲಿಯೇ ಸೇರಿಸುತ್ತೇನೆ.

ಒಂದು ಕ್ಲಾಸ್ ಮೆಥಡ್ ನಿಜವಾಗಿ ಪ್ರೈವೇಟ್ ಆಗಿದೆಯೇ ಎಂದು ತಿಳಿಯಲು ‘ಟಿಕೆಟ್.ಸಿಂಗಲ್ಟನ್_ಕ್ಲಾಸ್.ಪ್ರೈವೇಟ್_ಮೆಥಡ್_ಡಿಫೈನ್ಡ್?(:ನ್ಯೂ)’ ಎಂದು ಕೇಳಿ. ‘ಟ್ರೂ’ ಬರಬೇಕು. ‘ಟಿಕೆಟ್.ರೆಸ್ಪಾಂಡ್_ಟು?(:ನ್ಯೂ)’ ಎಂದರೆ ‘ಫಾಲ್ಸ್’ ಬರಬೇಕು; ಎರಡನೆಯ ಆರ್ಗ್ಯುಮೆಂಟ್ ಆಗಿ ‘ಟ್ರೂ’ ಕೊಟ್ಟರೆ ಪ್ರೈವೇಟ್‌ಗಳನ್ನೂ ಸೇರಿಸಿ ಉತ್ತರಿಸುತ್ತದೆ. ಟೆಸ್ಟ್ ಬರೆಯುವಾಗ ‘ಸೆಂಡ್’ ಬಳಸಿದರೆ ಮಾತ್ರ ಏನೂ ಸಾಬೀತಾಗುವುದಿಲ್ಲ. ಸಾದಾ ಚುಕ್ಕೆಯ ಕರೆಯಿಂದ ‘ನೋ ಮೆಥಡ್ ಎರರ್’ ಬರುತ್ತದೆ ಎಂಬುದನ್ನೇ ಪರೀಕ್ಷಿಸಬೇಕು.

ನೀವು ಮೊದಲು ಕೊಟ್ಟ ಕೋಡಿನಂತಹ ಸಾಲುಗಳನ್ನು ಹಿಡಿಯಲು, ರೂಬಿ ಕೋಡನ್ನು ಓಡಿಸದೆಯೇ ತಪಾಸಿಸುವ ರೂಬೊಕಾಪ್ ಎಂಬ ಸಾಧನದಲ್ಲಿ ‘ಲಿಂಟ್’ ವಿಭಾಗದ ‘ಇನ್‌ಎಫೆಕ್ಟಿವ್ ಆಕ್ಸೆಸ್ ಮಾಡಿಫೈಯರ್’ ಎಂಬ ನಿಯಮವಿದೆ. ‘ಪ್ರೈವೇಟ್’ ಕೆಳಗೆ ‘ಡೆಫ್ ಸೆಲ್ಫ್’ ಕಂಡರೆ ಅದು ಎಚ್ಚರಿಸಿ, ‘ಪ್ರೈವೇಟ್_ಕ್ಲಾಸ್_ಮೆಥಡ್’ ಅಥವಾ ‘ಕ್ಲಾಸ್ << ಸೆಲ್ಫ್’ ಬಳಸುವಂತೆ ಸೂಚಿಸುತ್ತದೆ.

ಪಣಂಬೂರು ಓದುಗ

ಅದನ್ನು ನಮ್ಮ ಕೋಡಿನ ಮೇಲೆ ಓಡಿಸಿದೆವು. ಟಿಕೆಟ್ ಕ್ಲಾಸಿನಲ್ಲಿ ಮಾತ್ರವಲ್ಲ, ನಿಲ್ದಾಣಗಳ ಕ್ಲಾಸಿನಲ್ಲಿಯೂ ಬಸ್ಸುಗಳ ವೇಳಾಪಟ್ಟಿಯ ಕ್ಲಾಸಿನಲ್ಲಿಯೂ ಇದೇ ಮಾದರಿ ಸಿಕ್ಕಿತು. ನಿಲ್ದಾಣಗಳದ್ದಕ್ಕೆ ಒಂದೇ ಮೆಥಡ್ ಇದ್ದುದರಿಂದ ಬಿಜೈ ಸದಸ್ಯರ ರೂಪ, ವೇಳಾಪಟ್ಟಿಯದ್ದಕ್ಕೆ ‘ಕ್ಲಾಸ್ << ಸೆಲ್ಫ್’ ಆವರಣ, ಟಿಕೆಟಿಗೆ ‘ದರಪಟ್ಟಿ’ ಎಂದು ತೀರ್ಮಾನಿಸಿ ತಿದ್ದಿದ್ದೇವೆ. ವೇಳಾಪಟ್ಟಿಯ ಒಂದು ಕಡೆ ‘ಪ್ರೈವೇಟ್ ಡೆಫ್ ಸೆಲ್ಫ್.ಲೋಡ್’ ಎಂಬ ಸಾಲು ಇತ್ತು. ಅದರ ಮೇಲೆ ಹೊರಗಿನಿಂದ ಕರೆಯುವ ಟೆಸ್ಟ್ ಬರೆದು ಓಡಿಸಿದಾಗ, ಕಾಪುವಿನವರು ಹೇಳಿದಂತೆಯೇ, ಮೆಥಡ್ ಯಾವ ಎರರೂ ಇಲ್ಲದೆ ಉತ್ತರ ಕೊಟ್ಟಿತು. ಆವರಣದೊಳಗೆ ಒಯ್ದ ಮೇಲೆ ಆ ಟೆಸ್ಟ್ ಈಗ ‘ನೋ ಮೆಥಡ್ ಎರರ್’ ಪಡೆದು ತೇರ್ಗಡೆಯಾಗುತ್ತಿದೆ.